ಕುಂಟನಿಗೆ ಹೊಲಿಗೆ

ಹುಣಸೂರಿನ ಕೈಗಾರಿಕಾ ಶಾಲೆಯಲ್ಲಿ ನನ್ನ ಕೆಲಸ, ಸೇರಲು ಬಂದವರಿಗೆ ಯಾವ ಕಸುಬು ಹೊಂದುತ್ತದೆಂದು ನೋಡಿ ಹೇಳುವುದು. ಹೊಸ ಅಗ್ರಹಾರದ ಕಡೆಯ ನಮ್ಮ ಒಕ್ಕಲು ಮನೆತನದಲ್ಲಿ ಬಿ.ಎ. ಮಾಡಿದ ಮೊದಲನೆಯವನು ನಾನು. ಹಾಸ್ಟೆಲಿನ ನೀರುಸಾರು ಉಂಡು, ಇನ್ನೊಬ್ಬರ ಪುಸ್ತಕ ಬೇಡಿ ಓದಿ ಪಾಸಾದವನು. ಆದರೆ ಶಾಲೆಯಲ್ಲಿ ನನ್ನ ಮಾತಿಗೆ ಕಿವಿಗೊಡುವವರು ಯಾರು? ಕುಂಟರು ಬಂದರೆ ಹೊಲಿಗೆ, ಕುರುಡರು ಬಂದರೆ ಬೆತ್ತದ ಹೆಣಿಗೆ. ಮನುಷ್ಯ ಬಾಗಿಲು ದಾಟುವ ಮೊದಲೇ ತೀರ್ಮಾನ.

ಕಟ್ಟೆಮಳಲವಾಡಿಯಿಂದ ಒಬ್ಬ ಯುವಕ ಬಂದ. ಚಿಕ್ಕಂದಿನ ಜ್ವರದಲ್ಲಿ ಬಲಗಾಲು ಸೊರಗಿಹೋಗಿತ್ತು. ಜೊತೆಗೆ ಬಂದ ಅಪ್ಪ ಕೈಮುಗಿದು, "ಕುಂತು ಮಾಡೋ ಕೆಲ್ಸ ಯಾವ್ದಾರ ಕಲಿಸ್ಬುಡಿ ಸ್ವಾಮಿ" ಎಂದರು.

ನಾನು ಮಗನನ್ನು ವಿಚಾರಿಸಿದೆ. ಅವನು ಎತ್ತಿನಗಾಡಿ ಮಾಡುವ ಶೆಡ್ಡಿನ ಕಡೆ ಕತ್ತು ತಿರುಗಿಸಿ, "ನಂಗೆ ಚಕ್ರದ ಕೆಲ್ಸ ಬೇಕು" ಅಂದ.

"ನಿನ್ನ ಕೇಳ್ದೋರ್ಯಾರ್ಲಾ?" ಎಂದು ಅಪ್ಪ ಗದರಿದರು. ಕೇಳಿದವನು ನಾನೇ, ಎದುರಿಗೇ ಕೂತಿದ್ದೆ!

ಶಾಲೆಯ ಸೂಪರಿಂಟೆಂಡೆಂಟರು ಅವನನ್ನು ಹೊಲಿಗೆಗೇ ಹಾಕಿದರು. ಮಿಷನ್ನನ್ನು ಕಾಲಿನಿಂದ ತುಳಿಯಬೇಕು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಒಂಟಿಕಾಲಲ್ಲಿ ತುಳಿದರೆ ಗಾಲಿ ಹಿಂದಕ್ಕೆ ಹೊರಳುತ್ತಿತ್ತು, ದಾರ ಕಿತ್ತುಬರುತ್ತಿತ್ತು.

"ಇವನಿಗೆ ಬುದ್ಧಿ ಸಾಲದು ಕಣ್ರೀ, ಊರಿಗೆ ಕಳಿಸಿಬಿಡಿ" ಎಂದರು ನನಗೆ.

"ಸಾಲದ್ದು ಬುದ್ಧಿಯಲ್ಲ ಸಾರ್, ಕಾಲು. ಅದನ್ನ ನೋಡಿಯೇ ಅಲ್ವೆ ತಾವು ಹೊಲಿಗೆಗೆ ಹಾಕಿದ್ದು?"

"ಬಿ.ಎ. ಓದಿದೋರ ಹತ್ರ ಮಾತಾಡೋದೇ ಕಷ್ಟ. ಗಾಡಿ ಮೇಸ್ತ್ರಿ ಒಪ್ಪಿದ್ರೆ ಕರ್ಕೊಂಡ್ಹೋಗಿ."

ಗಾಡಿ ಮೇಸ್ತ್ರಿ ಸಾಹೇಬರು ಕನ್ನಡಕ ಏರಿಸಿಕೊಂಡು ಅವನ ಕಾಲನ್ನೇ ನೋಡಿದರು. "ಕುಂಟ ಮಾಡಿದ ಚಕ್ರ ಕುಂಟ್ತದೆ ಅಂತಾರೆ ಸಾಬ್, ಜನ. ಗಾಡಿ ಯಾರು ತಗೋತಾರೆ?"

ನನಗೆ ತಲೆ ಕೆಟ್ಟಿತು. "ನಿಮಗೂ ಕಣ್ಣು ಮಂಜು. ನೀವು ಮಾಡಿದ ಗಾಡಿಗಳು ಹಳ್ಳಕ್ಕೆ ಬಿದ್ದಿವೆಯೇ?"

ಸಾಹೇಬರು ನಕ್ಕುಬಿಟ್ಟರು. "ಆಯ್ತು ಬುಡಿ. ಗಿರಾಕಿ ಬಂದಾಗ ಮಾತ್ರ ಹಿಂದುಗಡೆ ಕೂರ್ಲಿ."

"ಎಲ್ಲಾರ ಕುಂತ್ಕತೀನಿ, ಉಳಿ ಕೊಡಿ" ಎಂದ ಯುವಕ. ಮರದ ತುಂಡನ್ನು ಎಡಗಾಲಿನಡಿ ಅದುಮಿ ಹಿಡಿದು ಕೆತ್ತತೊಡಗಿದ.

ಗೆದ್ದ ಹುರುಪಿನಲ್ಲಿ ಆಫೀಸಿಗೆ ಮರಳಿದೆ. ಕಾಕನಕೋಟೆ ಕಾಡಿನಲ್ಲಿ ದಿಮ್ಮಿ ಉರುಳಿ ಬಲಗೈ ಕಳೆದುಕೊಂಡಿದ್ದ ಒಬ್ಬಾತ ಬೆಂಚಿನ ಮೇಲೆ ಕೂತಿದ್ದ. ಸೂಪರಿಂಟೆಂಡೆಂಟರ ಮುಖ ಅರಳಿತ್ತು.

"ನೀವು ಹೇಳಿದ ಹಾಗೇ ನೋಡಿದೆ ಕಣ್ರೀ. ಇವನ ಕಾಲು ಎರಡೂ ಗಟ್ಟಿಯಾಗಿವೆ. ಮಿಷನ್ನೂ ಖಾಲಿಯಾಯ್ತಲ್ಲ, ಹೊಲಿಗೆಗೆ ಹಾಕಿ."

ನಾನು ಪೇಟ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಮೊದಲಿನಿಂದ ಶುರುಮಾಡಿದೆ.