ಕುದುರೆಯ ಬೋಳು ಮೊಣಕಾಲು

ಮಖ್ತಲದ ಖಾಸಿಂಸಾಬರು ಮದುವೆ ಮೆರವಣಿಗೆಗೆ ಕುದುರೆ ಒಯ್ಯುವವರು. ಅದು ಕುಂಟತೊಡಗಿತೆಂದು ಮೊಣಕಾಲಿಗೆ ಬರೆ ಹಾಕಲು ಸರಳು ಕಾಯಿಸುತ್ತಿದ್ದರು. ಪಶುವೈದ್ಯೆಯಾದ ನನಗೆ ಅವರ ಹೆಂಡತಿ ಫೋನ್ ಮಾಡಿದರು. ಹೋದವಳೇ ಕುದುರೆಗೆ ಅಡ್ಡ ನಿಂತು, ಸ್ಕ್ಯಾನ್ ಮಾಡಲು ಮೊಣಕಾಲಿನ ಕೂದಲು ಬೋಳಿಸಬೇಕು ಎಂದೆ.

"ಬ್ಯಾಡ್ರೀ ಡಾಕ್ಟರಮ್ಮ! ಬೋಳು ಕಾಲಿನ ಕುದುರಿ ಮ್ಯಾಲ ಯಾವ ಮದುಮಗ ಕುಂದರತಾನ್ರೀ? ಅಪಶಕುನ ಅಂತಾರ" ಎಂದರು ಖಾಸಿಂಸಾಬರು.

"ಸುಟ್ಟ ಕಾಲು ಶುಭಶಕುನ ಏನ್ರೀ? ಕೂದ್ಲ ಮತ್ತ ಬರ್ತಾವ, ಸುಟ್ಟ ಚರ್ಮ ಬರಂಗಿಲ್ಲ. ನೀವು ಬರೆ ಹಾಕಾಕ ಬಂದ್ರೂ ನಾ ಇಲ್ಲಿಂದ ಸರಿಯಂಗಿಲ್ಲ."

ಅವರು ಸರಳು ಬಿಸಾಕಿದರು. ನಾನೇ ಬೋಳಿಸಿದೆ. ಪರದೆಯಲ್ಲಿ ಕೀಲನ್ನು ಹಿಡಿದಿಡುವ ಲಿಗಮೆಂಟ್ ಅರ್ಧ ಹರಿದದ್ದು ಕಾಣಿಸಿತು. ಈ ಸೀಜನ್ ಪೂರ್ತಿ ಮೆರವಣಿಗೆ ಬಂದ್ ಎಂದೆ.

ಈಗ ಕೂದಲು ಬಂದಿದೆ, ಕುಂಟು ಹೋಗಿದೆ. ಸೀಜನ್ನಿನ ದುಡಿಮೆ ಹೋಯಿತೆಂಬ ಖಾಸಿಂಸಾಬರ ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯದಿದ್ದರೆ ಬಿಡಲಿ, ನನ್ನ ಪೇಷಂಟ್ ಅವರಲ್ಲ.