ಸುಭಾಷಣ್ಣನ ಮೈಕೂ ದಿವ್ಯಾಳ ಬೇರೆ ಬಣ್ಣದ ಅಂಗಿಯೂ

ಸಿದ್ದಾಪುರ ತಾಲೂಕಿನ ಮನ್ಮನೆಯ ಸುಭಾಷ ನಾಯ್ಕನನ್ನು ಊರೆಲ್ಲ ಸುಭಾಷಣ್ಣ ಎಂದು ಕರೆಯುತ್ತಿತ್ತು. ಸ್ವಲ್ಪ ಅವಸರದಲ್ಲಿ ಕರೆದರೆ ಅದು ಸುಭಾಷಣ ಎಂದೇ ಕೇಳಿಸುತ್ತಿತ್ತು. ಯಾರೂ ತಿದ್ದಲು ಹೋಗಿರಲಿಲ್ಲ. ತಿದ್ದುವಂಥ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಅವನಿಗೆ ಒಂದಿಷ್ಟು ಗದ್ದೆಯಿತ್ತು, ಅದರ ಮೇಲೊಂದಿಷ್ಟು ತೋಟ, ಮನೆಯೆದುರು ಒಂದು ಪಿಕಪ್ ಗಾಡಿ. ಆದರೆ ಅವನ ಮರ್ಯಾದೆಯೆಲ್ಲ ಬೇರೆಯದರಿಂದ ಬಂದದ್ದು: ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಉದ್ಯೋಗದಿಂದ. ಬಾಡಿಗೆ ಕೊಟ್ಟವರಿಗೆ ಮೈಕು ಸಿಗುತ್ತಿತ್ತು. ಅದರಲ್ಲಿ ಮಾತಾಡಲು ಸಿಗುತ್ತದೆಂಬ ಖಾತ್ರಿ ಮಾತ್ರ ಇರಲಿಲ್ಲ. 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಎಂದು ಅವನು ಶುರು ಮಾಡಿದರೆ ಮೈಕಿಗಿಂತ ಹೆಚ್ಚು ಪರೀಕ್ಷೆ ಕೇಳುವವರ ತಾಳ್ಮೆಗೆ ಆಗುತ್ತಿತ್ತು. ಒಂದು ಮದುವೆಯಲ್ಲಿ ಟೆಸ್ಟಿಂಗ್ ಮುಗಿಯುವಷ್ಟರಲ್ಲಿ ಮುಹೂರ್ತವೇ ಮುಗಿದಿತ್ತು.

ವರ್ಷಕ್ಕೊಮ್ಮೆ ಊರಿನಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುತ್ತಿತ್ತು. ಮನ್ಮನೆಯಲ್ಲಿ ಸರಿಯಾಗಿ ನೆಟ್ ಸಿಗುವುದು ಆ ಒಂದು ದಿನ ಮಾತ್ರ ಎಂದು ಹುಡುಗರು ಫೋನು ಹಿಡಿದು ನಗುತ್ತಿದ್ದರು. ಪಂದ್ಯದ ವೀಕ್ಷಕ ವಿವರಣೆ ಸುಭಾಷಣ್ಣನದು. ಆಟ ಗೊತ್ತಿರುವವರು ಬೇರೆ ಇದ್ದರು. ಮೈಕು ಇದ್ದವನು ಅವನೊಬ್ಬನೇ. ಪ್ರಾಯದಲ್ಲಿ ಅವನೂ ಊರ ತಂಡದಲ್ಲಿ ಎರಡು ವರ್ಷ ಇದ್ದ. ಮೊದಲ ವರ್ಷ ಬದಲಿ ಆಟಗಾರ, ಎರಡನೆಯ ವರ್ಷ ಆ ಬದಲಿಗೆ ಬದಲಿ. ಯಾರಾದರೂ ಆ ಮಾತೆತ್ತಿದರೆ ಪಂಚೆ ಸರಿಸಿ ಮಂಡಿ ತೋರಿಸುತ್ತಿದ್ದ. "ಈ ಮಂಡಿ ಒಂದು ಕೈ ಕೊಡದೇ ಇದ್ದಿದ್ರೆ ನಾ ಇವತ್ತು ಎಲ್ಲಿರ್ತಿದ್ದೆ ಮಾರಾಯ!" ಎಡ ಮಂಡಿಯೋ ಬಲ ಮಂಡಿಯೋ ಎಂಬುದು ಅವನು ಆ ಹೊತ್ತಿಗೆ ಯಾವ ಮಗ್ಗುಲಿಗೆ ಕೂತಿದ್ದಾನೆ ಎಂಬುದರ ಮೇಲೆ ನಿಂತಿತ್ತು.

ಇಂಥವನ ಅಣ್ಣ ಕೆರಿಯನ ಮಗಳು ದಿವ್ಯಾ ಶಿರಸಿಯಲ್ಲಿ ಕಾಲೇಜು ಓದುತ್ತಿದ್ದಳು. ಅವಳ ಕಾಲೇಜಿನ ಹುಡುಗಿಯರ ತಂಡ ಅಂತರ ಕಾಲೇಜು ವಾಲಿಬಾಲಿನಲ್ಲಿ ಸೆಮಿಫೈನಲ್ಲಿಗೆ ಬಂತು. ಸುದ್ದಿ ಕಿವಿಗೆ ಬಿದ್ದ ದಿನವೇ ಸುಭಾಷಣ್ಣನಿಗೆ ಅವಳಿಗೆ ಆಟ ಕಲಿಸಿದ್ದು ತಾನೇ ಎಂಬುದು ನೆನಪಾಯಿತು.

ಅದು ಪೂರ್ತಿ ಸುಳ್ಳೂ ಅಲ್ಲ. ಊರ ಗಂಡಸರು ಆಡುವಾಗ ಬಾಲು ಗದ್ದೆಗೆ ಬಿದ್ದರೆ, "ಏ ದಿವ್ಯಾ, ಓಡು" ಎಂದು ಅವಳನ್ನು ಕೆಸರಿಗೆ ಇಳಿಸುತ್ತಿದ್ದವನು ಅವನೇ. ಪಂದ್ಯಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಇದ್ದ ಕೆಲಸ ಎರಡು, ಬಾಲು ತರುವುದು ಮತ್ತು ಚಹಾ ತರುವುದು. ಬಾಲು ಕೆಳಗೆ ಬಿದ್ದರೆ ಇಳಿಯಬೇಕಾದವಳು ತಾನೇ ಎಂದು ಗೊತ್ತಿದ್ದ ಹುಡುಗಿ, ಅದು ಬೀಳುವ ಮೊದಲೇ ಎತ್ತುವುದನ್ನು ಕಲಿತುಬಿಟ್ಟಿದ್ದಳು.

ಅವಳು ತನ್ನ ಆಟ ಎಂಥದೆಂದು ಚಿಕ್ಕಪ್ಪನಿಗೆ ಹೇಳದೆಯೂ ಇರಲಿಲ್ಲ. ದೀಪಾವಳಿಗೆ ಬಂದಾಗ, "ಚಿಕ್ಕಪ್ಪ, ನಾ ಹೊಡೆಯೂದಲ್ಲ, ನಂದು ಹಿಂದೆ ನಿಂತು..." ಎಂದು ಶುರು ಮಾಡಿದ್ದಳು. "ತಡಿ, ನಾ ಹೇಳ್ತೆ ಕೇಳು" ಎಂದು ಅವನು ಸ್ಮ್ಯಾಶ್ ಹೊಡೆಯುವುದು ಹೇಗೆಂದು ಹೋಳಿಗೆ ತಣ್ಣಗಾಗುವವರೆಗೆ ವಿವರಿಸಿದ್ದ.

ಸೆಮಿಫೈನಲ್ಲಿನ ಮುನ್ನಾದಿನ ನವೀನನ ಚಹಾ ಹೋಟೆಲಿನಲ್ಲಿ ಮಾತು ಬಂತು.

"ಸುಭಾಷಣ್ಣ, ದಿವ್ಯಾ ತಂಡದಲ್ಲಿ ಎಂತ ಆಡ್ತದ್ಯೋ?" ಎಂದ ನವೀನ.

"ಸ್ಮ್ಯಾಶರ್! ಮತ್ತೆಂತ? ನಾ ಕಲ್ಸಿದ್ದು ಅಂದ್ಮೇಲೆ ಎಂತ ಆಡ್ತದೆ?"

"ಅದು ನನ್ನ ಹೆಗಲಿಗೆ ಬರ್ತದೆ. ನೆಟ್ಟಿನ ಮೇಲೆ ಕೈ ಎಟಕ್ತದನಾ?"

ಹೋಟೆಲಿನಲ್ಲಿ ನಗು ಎದ್ದಿತು. ಸುಭಾಷಣ್ಣ ಲೋಟ ಕುಕ್ಕಿ ಎದ್ದು ನಿಂತ. "ಕೇಳ್ಕಳಿ ಎಲ್ಲರೂವಾ. ನಾಳೆ ದಿವ್ಯಾ ಸ್ಮ್ಯಾಶ್ ಹೊಡೀದೇ ಹೋದ್ರೆ ನಾ ಇನ್ನು ಮೈಕ್ ಹಿಡಿಯೂದೇ ಇಲ್ಲ."

ಈ ಒಂದು ಮಾತಿನಿಂದ ಮರುದಿನ ಪಿಕಪ್ಪಿನಲ್ಲಿ ಕಾಲಿಡಲು ಜಾಗ ಇಲ್ಲದಂತಾಯಿತು. ಅರ್ಧ ಜನ ದಿವ್ಯಾ ಗೆಲ್ಲುವುದನ್ನು ನೋಡಲು ಹೊರಟಿದ್ದರು. ಉಳಿದರ್ಧ ಜನ ದಿವ್ಯಾ ಗೆದ್ದರೂ ಸರಿ, ಸ್ಮ್ಯಾಶ್ ಒಂದು ಹೊಡೆಯದೇ ಇದ್ದರೆ ಸಾಕು ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಹೊರಟಿದ್ದರು.

ಶಿರಸಿಯ ಆ ಕಾಲೇಜಿನ ಅಂಗಳ ರಸ್ತೆಯ ಪಕ್ಕದಲ್ಲೇ, ನಡುವೆ ಒಂದು ಗಿಡ್ಡ ಕಾಂಪೌಂಡು. ಸುಭಾಷಣ್ಣ ಪಿಕಪ್ಪನ್ನು ಕಾಂಪೌಂಡಿಗೆ ತಾಗಿಸಿ ನಿಲ್ಲಿಸಿದ. ಗಾಡಿಯ ತಲೆಗೆ ಕಟ್ಟಿದ್ದ ಮೈಕ್ ಸೆಟ್ಟಿನ ಹಾರ್ನು ಸೀದಾ ಅಂಕಣದ ಕಡೆ ಬಾಯಿ ತೆರೆದಿತ್ತು. ಮೈಕು ಹಾಕಿದ ಕೂಡಲೇ ಕಾಲೇಜಿನ ದೈಹಿಕ ಶಿಕ್ಷಕರು ಧುಮುಗುಡುತ್ತ ಬಂದರು. ಸುಭಾಷಣ್ಣ ಹೆದರಲಿಲ್ಲ. "ನಮ್ಮೆಲ್ಲರ ನಲ್ಮೆಯ, ಕ್ರೀಡಾಲೋಕದ ಧ್ರುವತಾರೆ, ದೈಹಿಕ ಶಿಕ್ಷಕರಿಗೆ ಮನ್ಮನೆಯ ಸಮಸ್ತ ನಾಗರಿಕರ ಪರವಾಗಿ ಸ್ವಾಗತ ಸುಸ್ವಾಗತ" ಎಂದು ಹಾರ್ನಿನಲ್ಲಿ ಮೊಳಗಿಸಿದ. ಬೈಯಲು ಬಂದವರು ಅಂಗಿಯ ಕಾಲರು ಸರಿಮಾಡಿಕೊಂಡು, "ಸ್ವಲ್ಪ ಸಣ್ಣಕೆ ಇಟ್ಕಳಿ" ಎಂದು ಹೇಳಿ ಹಿಂದಿರುಗಿದರು. ಮೈಕಿನಲ್ಲಿ ಹೊಗಳಿಸಿಕೊಂಡವನು ಜಗಳಕ್ಕೆ ನಿಲ್ಲುವುದಿಲ್ಲ ಎಂಬುದು ಸುಭಾಷಣ್ಣ ಇಷ್ಟು ವರ್ಷದ ಉದ್ಯೋಗದಲ್ಲಿ ಕಂಡುಕೊಂಡ ಸತ್ಯ.

ಎದುರಾಳಿಗಳು ಹಾವೇರಿ ಕಡೆಯ ಕಾಲೇಜಿನವರು. ಅವರ ಮಂದಿಯೂ ಒಂದು ಟೆಂಪೋ ಮಾಡಿಕೊಂಡು ಬಂದು ಪಕ್ಕದಲ್ಲೇ ನಿಂತಿದ್ದರು.

ಹುಡುಗಿಯರು ಅಂಕಣಕ್ಕೆ ಇಳಿದರು. ಶಿರಸಿಯವರದ್ದು ನೀಲಿ ಅಂಗಿ. ದಿವ್ಯಾ ಒಬ್ಬಳದು ಮಾತ್ರ ಕಿತ್ತಳೆ.

ಪಿಕಪ್ಪಿನಲ್ಲಿದ್ದವರೆಲ್ಲ ಮುಂದಕ್ಕೆ ಬಗ್ಗಿ ನೋಡಿದರು.

"ಅದೆಂತಕ್ಕೆ ಬೇರೆ ಅಂಗಿ?" ಎಂದ ನವೀನ.

"ಕ್ಯಾಪ್ಟನ್ನು" ಎಂದ ಸುಭಾಷಣ್ಣ, ರೆಪ್ಪೆ ಬಡಿಯದೆ. ಅದನ್ನೇ ಮೈಕಿನಲ್ಲೂ ಹೇಳಿದ: "ತಂಡದ ನಾಯಕಿ, ಮನ್ಮನೆಯ ಹೆಮ್ಮೆಯ ಪುತ್ರಿ, ದಿವ್ಯಾ ನಾಯ್ಕ!"

ಕಾಂಪೌಂಡಿನ ಆಚೆ ಕುರ್ಚಿಯಲ್ಲಿ ಕೂತಿದ್ದ ವಜ್ರಳ್ಳಿಯ ದಿನಕರ ಹೆಗಡೆಯವರು ತಿರುಗಿ ನೋಡಿದರು. "ಕ್ಯಾಪ್ಟನ್ ನಮ್ಮನೆ ಕೂಸು ಮಾರಾಯ್ರೇ, ಶ್ರೀವಾಣಿ" ಎಂದರು. ಆಮೇಲೆ ಪಕ್ಕದಲ್ಲಿದ್ದ ಹೆಂಡತಿ ದೇವಕಿಗೆ, "ಆನು ಸುಮಾರು ಪಂದ್ಯ ನೋಡಿದ್ದೆ. ಪಂದ್ಯಕ್ಕೆ ಬಂದು ತಾಳಮದ್ದಳೆ ಕೇಳಿದ್ದು ಇಲ್ಲೆ" ಎಂದರು.

ದಿವ್ಯಾಳ ತಾಯಿ ನಾಗಿಗೆ ಬೇರೆಯೇ ಚಿಂತೆ. "ಹುಡ್ಗಿಗೆ ಅಂಗಿ ಸಾಲ್ಲಿಲ್ಲ ಕಾಣ್ತದೆ. ಮೊದ್ಲೇ ಹೇಳಿದ್ರೆ ನಾನೇ ನೀಲಿ ಬಟ್ಟೆ ತಂದು ಹೊಲಿಸ್ತಿದ್ದೆ."

ಆಟ ಶುರುವಾಯಿತು. ದಿವ್ಯಾ ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಹೊರಗೆ ಹೋದಳು. ಮತ್ತೆ ಒಳಗೆ, ಮತ್ತೆ ಹೊರಗೆ. ಶಿರಸಿ ಬಸ್ ನಿಲ್ದಾಣದ ಲೋಕಲ್ ಬಸ್ಸೂ ಇಷ್ಟು ಸರ್ವಿಸ್ ಮಾಡುವುದಿಲ್ಲ ಎಂದು ಯಾರೋ ಅಂದರು. ಅವಳು ಮಾಡದೇ ಇದ್ದದ್ದು ಒಂದೇ, ನಿಜವಾದ ಸರ್ವಿಸು. ಸರ್ವಿಸೂ ಇಲ್ಲ, ಸ್ಮ್ಯಾಶೂ ಇಲ್ಲ. ಹಿಂದೆ ಬಗ್ಗಿ ನಿಂತು, ಎದುರಾಳಿಗಳು ಬಡಿದ ಬಾಲನ್ನು ನೆಲಕ್ಕೆ ಬಿದ್ದು ಎತ್ತುತ್ತಿದ್ದಳು, ಅಷ್ಟೆ.

ಜನ ಅಂಕಣ ಬಿಟ್ಟು ಸುಭಾಷಣ್ಣನ ಮುಖ ನೋಡತೊಡಗಿದರು. ಅವನಿಗೆ ಬೆವರಿತು. ಬೆವರಿದಾಗಲೆಲ್ಲ ಅವನಿಗೆ ಅನ್ಯಾಯ ಕಾಣಿಸುತ್ತಿತ್ತು. "ಬಂಧುಗಳೇ! ಸಿದ್ದಾಪುರ ತಾಲೂಕಿನ ಹುಡುಗಿ ಅಂತ ಬೇರೆ ಅಂಗಿ! ಮುಂದೆ ಬಿಡುವುದಿಲ್ಲ, ಹೊಡೆಯಲು ಬಿಡುವುದಿಲ್ಲ! ಶಿರಸಿಯವರದು ಯಾವತ್ತೂ ಇದೇ ಕತೆ!" ಪಿಕಪ್ಪಿನಿಂದ ಧಿಕ್ಕಾರದ ಕೂಗು ಎದ್ದಿತು. ತಾಲೂಕಿನ ಮಾತು ಬಂದರೆ ಆಟ ಯಾವುದೆಂದು ಯಾರೂ ಕೇಳುವುದಿಲ್ಲ.

ದಿನಕರ ಹೆಗಡೆಯವರು ಕುರ್ಚಿಯಿಂದ ಎದ್ದು ಕಾಂಪೌಂಡಿನ ಹತ್ತಿರ ಬಂದರು. "ಸುಭಾಷಣ್ಣ, ಅದು ಲಿಬೆರೋ. ಹಿಂದೆ ನಿಂತು ಬಾಲ್ ಎತ್ತುವ ಕೆಲಸ. ಎಲ್ಲರಿಗೂ ಗುರುತಾಗಲಿ ಅಂತಲೇ ಬೇರೆ ಬಣ್ಣ. ಅವಳು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು. ಸ್ಮ್ಯಾಶ್ ಹೊಡೆಯುವ ಹಾಗಿಲ್ಲ, ಅದು ನಿಯಮ."

"ಹೊಡೆಯುವ ಹಾಗೇ ಇಲ್ಯಾ?" ಎಂದು ಕೇಳಿದವನು ಸುಭಾಷಣ್ಣ ಅಲ್ಲ, ನವೀನ. ಅವನ ಮುಖ ತುಪ್ಪದ ದೀಪದಂತೆ ಬೆಳಗುತ್ತಿತ್ತು. "ಹಂಗಾರೆ ಸುಭಾಷಣ್ಣ, ಮೈಕ್ ಈಗ್ಲೇ ಕೆಳಗಿಡ್ತೀಯೋ, ನಾ ಹಿಡ್ಕಳ್ಲೋ?"

"ಪಂದ್ಯ ಮುಗೀಲಿ" ಎಂದ ಸುಭಾಷಣ್ಣ, ಮೈಕನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು.

ಆ ಕ್ಷಣದಿಂದ ಅವನ ಮಾತು ನಿಲುಗಡೆ ಇಲ್ಲದೆ ಸಾಗಿತು. ನಿಯಮವನ್ನೇ ಕೂಗಿ ಬದಲಿಸಬಹುದು ಎಂಬಂತೆ "ಹೊಡಿ ದಿವ್ಯಾ! ಜಿಗಿ! ಬಿಡ್ಬೇಡ!" ಎಂದು ಹಾರ್ನು ಬೊಬ್ಬಿರಿಯಿತು. ಎರಡು ಸೆಟ್ಟು ಗೆದ್ದು ಮುಂದಿದ್ದ ಶಿರಸಿಯವರು ಮೂರನೆಯದನ್ನು ಸೋತರು. ನಾಲ್ಕನೆಯದರ ಕೊನೆಗೆ ಹಾವೇರಿಯವರ ಒಂದು ಬಾಲು ಎತ್ತರಕ್ಕೆ ಹೋಗಿ ಹಿಂದಿನ ಗೆರೆಯ ಕಡೆ ಇಳಿಯುತ್ತಿತ್ತು. ದಿವ್ಯಾ "ನಂದು" ಎಂದು ಕೂಗಿ ಓಡಿದಳು. ಅಷ್ಟರಲ್ಲಿ ಹಾರ್ನು, "ಬಿಡು! ಬಿಡು! ಹೊರಗೆ!" ಎಂದು ಗುಡುಗಿತು. ಪಕ್ಕದ ಹುಡುಗಿ ತಮ್ಮ ಕೋಚೇ ಹೇಳಿದರೆಂದು ತಿಳಿದು ದಿವ್ಯಾಳ ದಾರಿಗೆ ಅಡ್ಡ ನಿಂತುಬಿಟ್ಟಳು. ಬಾಲು ಗೆರೆಯ ಮೇಲೆ ಅಚ್ಚುಕಟ್ಟಾಗಿ ಕುಳಿತಿತು. ಸೆಟ್ಟು ಹೋಯಿತು. ಎರಡು ಎರಡು ಸಮ.

ಹಾವೇರಿಯವರ ಟೆಂಪೋದಿಂದ ದ್ಯಾಮಪ್ಪ ಎಂಬ ಹಿರಿಯರು ಇಳಿದು ಬಂದು ಸುಭಾಷಣ್ಣನಿಗೆ ಕೈಮುಗಿದರು. "ಮೈಕಿನವರ, ಹಿಂಗ ನಡೀಲ್ರಿ. ನಮಗ ಭಾಳ ಉಪಕಾರ ಆಗಾಕತ್ತೈತಿ. ನೀರು ಬೇಕೇನ್ರಿ? ಗಂಟಲಾ ಒಣಗಬಾರ್ದ್ರಿ ನೋಡ್ರಿ."

ಸುಭಾಷಣ್ಣನ ಮೈಕು ಇಷ್ಟು ಕಾಲ ಯಾರ ಬೈಗುಳಕ್ಕೂ ಜಗ್ಗಿರಲಿಲ್ಲ. ಉಪಕಾರ ಸ್ಮರಣೆಯ ಪೆಟ್ಟು ಅದಕ್ಕೆ ಇದೇ ಮೊದಲು.

ಕೊನೆಯ ಸೆಟ್ಟಿಗೆ ಮೊದಲಿನ ಬಿಡುವಿನಲ್ಲಿ ದಿವ್ಯಾ ಕಾಂಪೌಂಡಿನ ಹತ್ತಿರ ಬಂದಳು. ಮೊಣಕೈ ತರಚಿ ಹೋಗಿತ್ತು. ದನಿ ಏರಿಸಲಿಲ್ಲ.

"ಚಿಕ್ಕಪ್ಪ, ನಾ 'ನಂದು' ಅಂತ ಕೂಗೂದು ಪಕ್ಕದಲ್ಲಿದ್ದೋಳಿಗೂ ಕೇಳ್ತಾ ಇಲ್ಲ. ಮೈಕ್ ಬಂದ್ ಮಾಡು."

"ನಾ ನಿನ್ ಸಲುವಾಗೇ ಅಲ್ದನೇ ಇಷ್ಟು ಗಂಟ್ಲು ಹರ್ಕಂಡಿದ್ದು?"

"ನನ್ ಸಲುವಾಗೇ ಬಂದ್ ಮಾಡು."

ನಾಗಿ ಮಗಳ ಮೊಣಕೈ ನೋಡಿದಳು, ಮೈದುನನ ಬಾಯಿ ನೋಡಿದಳು. ಸೆರಗಿನ ಗಂಟಿನಿಂದ ಎಲೆಯಡಿಕೆ ತೆಗೆದು, ಸುಣ್ಣ ಹಚ್ಚಿ, ಎರಡು ಎಲೆಯ ದಪ್ಪ ಕವಳ ಮಡಿಸಿದಳು. "ಬಾಯಿ ತೆಗಿ ತಮಾ" ಎಂದಳು. ಅವನು ಎಂಥದೋ ಹೇಳಲು ಬಾಯಿ ತೆರೆದದ್ದೇ ತಪ್ಪಾಯಿತು.

ಐದನೆಯ ಸೆಟ್ಟಿನಲ್ಲಿ ಅಂಕಣದ ಸದ್ದು ಮೊದಲ ಬಾರಿಗೆ ಹೊರಗೆ ಕೇಳಿಸಿತು. "ನಂದು!" ಎನ್ನುವ ದಿವ್ಯಾ, "ಎತ್ತು!" ಎನ್ನುವ ಶ್ರೀವಾಣಿ, ನೆಲಕ್ಕೆ ಉಜ್ಜುವ ಬೂಟು. ದಿವ್ಯಾ ಎಲ್ಲೆಲ್ಲಿಂದಲೋ ಬಾಲು ಎತ್ತಿದಳು. ಸ್ಮ್ಯಾಶಿಗಾಗಿ ಬಂದವರೂ ಸ್ಮ್ಯಾಶ್ ಮರೆತು, ನೆಲಕ್ಕೆ ಬೀಳದ ಬಾಲಿಗೆ ಚಪ್ಪಾಳೆ ತಟ್ಟಿದರು. ಸುಭಾಷಣ್ಣ ಕೆನ್ನೆ ಉಬ್ಬಿಸಿಕೊಂಡು ಕಣ್ಣಲ್ಲೇ ವಿವರಣೆ ಕೊಡುತ್ತಿದ್ದ. ಜೀವಮಾನದಲ್ಲಿ ಅವನು ಒಂದು ಪಂದ್ಯವನ್ನು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ ವಿವರಿಸಿದ್ದ.

ಇನ್ನೊಂದು ಅಂಕ ಬಂದರೆ ಗೆಲುವು ಎನ್ನುವಾಗ ಅವನಿಗೆ ಕವಳದ ರಸದಿಂದ ಬಾಯಿ ತುಂಬಿ ಬಂತು. ನುಂಗುವ ಹಾಗಿಲ್ಲ, ಬಿಡುವ ಹಾಗಿಲ್ಲ. ಪಿಕಪ್ಪಿನಿಂದ ಇಳಿದು, ರಸ್ತೆಯಾಚೆಯ ಚರಂಡಿಗೆ ಓಡಿ ಬಗ್ಗಿದ. ಹಿಂದಿನಿಂದ ಆಕಾಶವೇ ಕಳಚಿಬಿದ್ದಂತೆ ಕೂಗು ಎದ್ದಿತು. ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ನೀಲಿ ಅಂಗಿಗಳ ನಡುವೆ ಒಂದು ಕಿತ್ತಳೆ ಕುಣಿಯುತ್ತಿತ್ತು.

ವಾಪಸು ಬರುವ ದಾರಿಯಲ್ಲಿ ನವೀನ ಪಣ ನೆನಪಿಸಿದ. "ಮೈಕ್ ಬಿಡ್ತೆ ಅಂದಿದ್ಯಲ?"

"ಬಿಟ್ನಲ" ಎಂದ ಸುಭಾಷಣ್ಣ. "ಐದನೇ ಸೆಟ್ ಪೂರ್ತಿ ಬಿಟ್ಟೆ. ಎಷ್ಟೊತ್ತು ಬಿಡೂದು ಅಂತ ಯಾರಾದ್ರೂ ಹೇಳಿದ್ರನಾ?"

ಮರುದಿನದ ಫೈನಲ್ಲಿಗೆ ಮನ್ಮನೆಯಿಂದ ಯಾರೂ ಹೋಗಲಿಲ್ಲ. ಪಿಕಪ್ಪು ಒಂದು ಗೃಹಪ್ರವೇಶಕ್ಕೆ ಕುರ್ಚಿ ಹೊತ್ತು ಹೋಗಿತ್ತು. ಹುಡುಗಿಯರು ಫೈನಲ್ ಸೋತರು. ಊರವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಯಾಕೆಂದರೆ ಸೆಮಿಫೈನಲ್ಲಿನ ಸನ್ಮಾನಕ್ಕೆ ಆಗಲೇ ಶಾಮಿಯಾನ ಬಿದ್ದಿತ್ತು.

ಸನ್ಮಾನದ ಸಂಜೆ ದಿವ್ಯಾ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ಸುಭಾಷಣ್ಣ ಮೈಕಿನ ಎದುರು ನಿಂತು ಆ ಕೊನೆಯ ಬಾಲನ್ನು ಬಣ್ಣಿಸುತ್ತಿದ್ದ. "ಲಿಬೆರೋ! ಈ ಶಬ್ದ ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಮೊದಲಿನಿಂದಲೂ ಹೇಳುತ್ತಿದ್ದೆ, ಈ ಹುಡುಗಿ ಲಿಬೆರೋ ಆಗಬೇಕು ಅಂತ. ಆ ಕೊನೆಯ ಬಾಲು ಮಿಂಚಿನ ಹಾಗೆ ಬಂತು. ನಮ್ಮ ದಿವ್ಯಾ ಬಲಕ್ಕೆ ಹಾರಿದಳು. ಒಂದೇ ಕೈ! ಬಾಲು ಮೇಲಕ್ಕೆ! ಕಣ್ಣಾರೆ ಕಂಡೆ, ಬಂಧುಗಳೇ, ಈ ಎರಡು ಕಣ್ಣಿನಿಂದ!" ಶಾಮಿಯಾನ ಹಾರುವಂತೆ ಚಪ್ಪಾಳೆ ಬಿತ್ತು. "ಈಗ ದಿವ್ಯಾ ಎರಡು ಮಾತು."

ದಿವ್ಯಾ ಮೈಕಿಗೆ ಬಂದಳು. "ಎಲ್ಲರಿಗೂ ನಮಸ್ಕಾರ. ಕೊನೇ ಬಾಲು ಎತ್ತಿದ್ದು ನಾನಲ್ಲ, ವಜ್ರಳ್ಳಿ ಶ್ರೀವಾಣಿ. ಆವಾಗ ನಾ ಹೊರಗೆ ಬೆಂಚಿನ ಮೇಲಿದ್ದೆ." ಸ್ವಲ್ಪ ತಡೆದು ಹೇಳಿದಳು, "ಚಿಕ್ಕಪ್ಪನೂ ಹೊರಗೇ ಇದ್ದ. ಬೆಂಚಿಂದ ಕಾಣ್ತಿತ್ತು. ಚರಂಡಿಗೆ ಉಗೀತಾ ಇದ್ದ."

ನವೀನ ಶುರು ಮಾಡಿದ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಇನ್ನು ಸುಭಾಷಣ್ಣನ ಮೈಕಿನ ಆಯುಷ್ಯ ಮುಗಿಯಿತು ಎಂದು ಎಲ್ಲರಿಗೂ ಅನ್ನಿಸಿತು.

ಸುಭಾಷಣ್ಣ ಬಂದು ಅವಳ ಕೈಯಿಂದ ಮೆಲ್ಲಗೆ ಮೈಕು ತೆಗೆದುಕೊಂಡ. ಗಂಟಲು ಸರಿಪಡಿಸಿಕೊಂಡ. ಅವಳ ಹೆಗಲ ಮೇಲೆ ಕೈಯಿಟ್ಟ.

"ಕೇಳಿದ್ರಲ್ಲ ಬಂಧುಗಳೇ! ಬೇರೆಯವರ ಕೀರ್ತಿ ತನಗೆ ಬೇಡ ಅಂತಾಳೆ. ತುಂಬಿದ ಸಭೆಯಲ್ಲಿ, ಸ್ವಂತ ಚಿಕ್ಕಪ್ಪ ಅಂತಲೂ ನೋಡದೆ, ಸತ್ಯ ಹೇಳಿದ್ದಾಳೆ. ಇದನ್ನೆಲ್ಲ ಈ ಹುಡುಗಿಗೆ ಸಣ್ಣ ವಯಸ್ಸಿನಿಂದ ಕಲಿಸಿದ್ದು ಯಾರು?"

ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮೈಕಿನಲ್ಲಿ ಬಂದ ಮಾತಿಗೆ ಚಪ್ಪಾಳೆ ತಟ್ಟಿ ಅವರಿಗೂ ಅಭ್ಯಾಸ.

ನಾಗಿ ಒಬ್ಬಳು ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ಎರಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.