ಅಕ್ಕನ ಅಕ್ಷರದಂಥ ಅಕ್ಷರ

ಅಕ್ಕ ತೀರಿಕೊಂಡ ಮೇಲೆ ಶಿವಗಣಾರಾಧನೆಯ ಕಾರ್ಡು ಮಾಡಿಸಲು ಬೈಲಹೊಂಗಲದ ಪ್ರೆಸ್ಸಿಗೆ ಹೋದೆ. ಕಂಪ್ಯೂಟರಿನಲ್ಲಿ ಕೈಬರಹದಂಥ ಒಂದು ಫಾಂಟ್ ಕಂಡಿತು. ಕೂದಲೆಳೆಯಷ್ಟು ತೆಳುವಾದ ಗೆರೆ, ತುಸು ಬಲಕ್ಕೆ ವಾಲಿದ ಅಕ್ಷರ, ಕುಂಬಳಬಳ್ಳಿಯ ಕುಡಿಯಂತೆ ಸುತ್ತಿಕೊಂಡ ಒತ್ತಕ್ಷರ. ಓಣಿಯಲ್ಲಿ ಯಾರದೇ ಮದುವೆಯಿರಲಿ, ಲಗ್ನಪತ್ರಿಕೆಗಳ ಮೇಲೆ ಕರೆಯಬೇಕಾದವರ ಹೆಸರು ಬರೆಯುತ್ತಿದ್ದವಳು ಅಕ್ಕ. ಅವಳ ಅಕ್ಷರ ಹೀಗೇ ಇತ್ತು ಅನ್ನಿಸಿತು.

“ಅಕ್ಕನ ಹೆಸರು ಇದರಾಗ ಹಾಕ್ರಿ,” ಎಂದೆ.

“ಅಣ್ಣಾರ, ಇದು ಲಗ್ನದ ಅಕ್ಷರರೀ. ಇಂಥಾ ಕಾರ್ಡಿಗೆ ದಪ್ಪಂದ ಹಾಕತೇವಿ. ಮಂದಿ ಅಕ್ಕಿಕಾಳು ಹಾಕಾಕ ಬಂದಾರು!” ಎಂದ ಪ್ರೆಸ್ಸಿನವನು, ನನ್ನ ಮುಖ ನೋಡಿ ಹೆಸರನ್ನಷ್ಟೇ ಅದರಲ್ಲಿ ಹಾಕಿಕೊಟ್ಟ.

ಮನೆಯಲ್ಲಿ ಅವ್ವ ಕಾರ್ಡಿನ ಮೇಲೆ ಬೆರಳಾಡಿಸಿದಳು.

“ಚಂದ ಐತಿ. ಖರೆ, ನಿಮ್ಮಕ್ಕ ದುಂಡಗ ಬರೀತಿದ್ಲಲ್ಲೋ. ಒತ್ತಿ ಒತ್ತಿ ಬರದು ಪೆನ್ನಿನ ಮೂತಿ ಮುರೀತಿದ್ಲು.”

ಅವ್ವನ ನೆನಪು ಸರಿಯೋ, ನನ್ನದೋ? ಇಬ್ಬರೂ ಮನೆಯೆಲ್ಲ ಹುಡುಕಿದೆವು, ಅವಳು ಬರೆದ ಒಂದು ಚೀಟಿಯೂ ಸಿಗಲಿಲ್ಲ. ಅಕ್ಕ ಬರೆದ ಪತ್ರಿಕೆಗಳು ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೆ ಹೋಗಿದ್ದವು. ಓಣಿಯವರು ನಮ್ಮನ್ನು ಬಾಯಿಮಾತಿನಲ್ಲೇ ಕರೆಯುತ್ತಿದ್ದರಿಂದ ನಮ್ಮ ಹೆಸರನ್ನು ಅವಳು ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಈಗ ಅವಳ ಅಕ್ಷರ ನೆನೆಯಲು ಕಣ್ಣು ಮುಚ್ಚಿದರೆ, ಆ ತೆಳು ಫಾಂಟೇ ಮುಂದೆ ಬಂದು ನಿಲ್ಲುತ್ತದೆ.